ಗೋಡೆಗೆ ಹೊದಿಸಿದ ಹಾಸಿಗೆ

ನಮ್ಮ ಊರಿನಲ್ಲಿ ಚದರ ಕಿಲೋಮೀಟರಿಗೆ ಇಪ್ಪತ್ತೆರಡು ಸಾವಿರದ ನಾನೂರ ಹದಿನೇಳು ಜನ. ಬೇರೆ ಯಾರನ್ನೂ ಕೇಳಬೇಡಿ, ಜನರ ಲೆಕ್ಕವಿಡುವ ಕಚೇರಿಯ ಗುಮಾಸ್ತ ನಾನೇ! ಅಷ್ಟು ಜನರಲ್ಲಿ ಒಬ್ಬರ ಕೆಮ್ಮು ಮಾತ್ರ ನೇರವಾಗಿ ನನ್ನ ದಿಂಬಿಗೇ ಬಂದು ಬೀಳುತ್ತಿತ್ತು. ಗೋಡೆಯಾಚೆಯ ಮನೆ ಪಕ್ಕದ ಕಟ್ಟಡದ್ದು. ಗೋಡೆ ಒಂದೇ, ಮೆಟ್ಟಿಲು ಬೇರೆ. ಅಲ್ಲಿಗೆ ಹೋಗಲು ನಾಲ್ಕು ಮಹಡಿ ಇಳಿದು, ಬೀದಿ ಸುತ್ತಿ, ಮತ್ತೆ ನಾಲ್ಕು ಮಹಡಿ ಹತ್ತಬೇಕು. ಆರು ವರ್ಷದಲ್ಲಿ ನಾನು ಒಮ್ಮೆಯೂ ಹತ್ತಿರಲಿಲ್ಲ.

"ಈ ಭಾನುವಾರ ಈ ಮನೆಗೆ ಮೌನ ತಂದೇ ತರುತ್ತೇನೆ!" ಎಂದು ಘೋಷಿಸಿದೆ.

"ಮೊದಲು ತರಕಾರಿ ತನ್ನಿ," ಎಂದಳು ಹೆಂಡತಿ. "ಆ ಗೋಡೆ ತಂಟೆಗೆ ಹೋಗ್ಬೇಡಿ."

"ಯಾಕೆ?"

"ಬೇಡ ಅಂದ್ರೆ ಬೇಡ."

ಕೊನೆಗೆ ತರಕಾರಿಗೆ ಅವಳೇ ಹೋದಳು. ನಾನು ಹಳೆಯ ಹತ್ತಿ ಹಾಸಿಗೆಯನ್ನು ಗೋಡೆಗೆ ಒರಗಿಸಿ, ಸುತ್ತಲೂ ಮೊಳೆ ಹೊಡೆದೆ. ಮೂರನೆಯ ಮೊಳೆಗೆ ಆಚೆ ಕಡೆ ಏನೋ ದಬ್ಬನೆ ಬಿತ್ತು. ಬೀಳಲಿ! ಆ ರಾತ್ರಿ ಕೆಮ್ಮಿನ ಸುಳಿವೇ ಇಲ್ಲ. ಮೌನವನ್ನು ಸವಿಯಲೆಂದು ಸೋಮವಾರ ರಜೆಯನ್ನೂ ಹಾಕಿದೆ.

ಬೆಳಿಗ್ಗೆ ಒಂಬತ್ತು ಗಂಟೆಗೆ ಹೆಂಡತಿ ಸೌಟು ಹಿಡಿದು ಹಾಸಿಗೆಯನ್ನು ತಟ್ಟುತ್ತಿದ್ದಳು. ಮುಖ ಬಿಳಿಚಿಕೊಂಡಿತ್ತು.

"ಏನೇ ಇದು?"

"ನೀವು ಸ್ನಾನಕ್ಕೆ ಹೋಗಿ."

ಮೈಗೆ ಸೋಪು ಹಚ್ಚಿದ್ದೆನಷ್ಟೆ, ಮುಂಬಾಗಿಲು ದಡದಡ ಬಡಿದುಕೊಂಡಿತು. ಟವೆಲ್ ಸುತ್ತಿಕೊಂಡು ಹೊರಬಂದರೆ, ಹತ್ತಡಿಗೆ ಹತ್ತಡಿಯ ಕೋಣೆಯಲ್ಲಿ ಎರಡೂ ಕಟ್ಟಡದವರು ಸೇರಿ ಮೂವತ್ತೊಂದು ಜನ! ಕಸುಬು ಬಿಡುತ್ತದೆಯೇ, ಎಣಿಸಿಬಿಟ್ಟೆ. ಚದರ ಕಿಲೋಮೀಟರಿಗೆ ಮೂವತ್ತಮೂರು ಲಕ್ಷ!

ಮುಂದೆ ನಿಂತಿದ್ದ ಮುದುಕರೊಬ್ಬರು ಬಾಗಿಲು ಹಿಡಿದುಕೊಂಡು ಏದುಸಿರು ಬಿಡುತ್ತಿದ್ದರು. "ಅಮ್ಮಾ, ಇದ್ದೀರಾ ತಾಯಿ?" ಎಂದವರೇ ಕೆಮ್ಮಿದರು. ಕೆಮ್ಮಿನಿಂದಲೇ ಗುರುತು ಸಿಕ್ಕಿತು.

"ನಾನು ಪಕ್ಕದ ಮನೆ ದರ್ಜಿ, ಒಬ್ನೇ ಇರೋದು," ಎಂದು ಅವರು ಎಲ್ಲರಿಗೂ ಹೇಳಿದರು. "ಭಾನುವಾರ ಬಿಟ್ಟು ದಿನಾ ಒಂಬತ್ತಕ್ಕೆ ನಾನು ಎರಡು ಸಲ ಗೋಡೆ ತಟ್ತೀನಿ, ಅಮ್ಮಾವ್ರು ಎರಡು ಸಲ ತಟ್ತಾರೆ. ಇಬ್ರೂ ಇದ್ದೀವಿ ಅಂತ, ಅಷ್ಟೆ. ನಿನ್ನೆ ಒಂದೇ ಸಮ ಬಡಿಯೋ ಸದ್ದು, ನನ್ನ ಗಡಿಯಾರವೇ ಬಿದ್ದೋಯ್ತು. ಇವತ್ತು ಎಷ್ಟು ತಟ್ಟಿದ್ರೂ ಉತ್ತರ ಇಲ್ಲ..."

ಅರವತ್ತೆರಡು ಕಣ್ಣುಗಳು ನನ್ನ ಟವೆಲ್ಲಿನ ಮೇಲೆ ನೆಟ್ಟವು.

"ಹಾಸಿಗೆ! ನಾನು ಬಡಿದದ್ದು ಹಾಸಿಗೆಗೆ!" ಎಂದು ಕೂಗಿದೆ. ಹೆಂಡತಿ ಹೌದೆಂದ ಮೇಲಷ್ಟೇ ಅವರು ಕದಲಿದರು.

"ನನಗೆ ಹೇಳಬಾರದಿತ್ತೇನೆ?"

"ಹೇಳೋಕೆ ನೀವೆಲ್ಲಿ ಇರ್ತೀರಿ? ಕತ್ತಲಾದ್ಮೇಲೆ ಬರ್ತೀರಿ. ಅಷ್ಟ್ರೊಳಗೆ ನಾನು ಬಿದ್ದು ಪ್ರಾಣ ಬಿಟ್ರೆ ಯಾರಿಗೆ ಗೊತ್ತಾಗುತ್ತೆ? ನಿಮ್ಮ ಇಪ್ಪತ್ತೆರಡು ಸಾವಿರ ಜನಕ್ಕಾ?"

ನಿಜ ಹೇಳುತ್ತೇನೆ, ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು.

ಅಂದೇ ಮೊಳೆ ಕಿತ್ತೆ. ಮರುದಿನ ಕಚೇರಿಗೆ ತಡವಾದರೂ ಸರಿಯೆಂದು ಒಂಬತ್ತಕ್ಕೆ ನಾನೇ ತಟ್ಟಿದೆ. ಉತ್ತರವಿಲ್ಲ. ಮತ್ತೆ ತಟ್ಟಿದೆ. ಎಂಟು ಮಹಡಿ ಇಳಿದು ಹತ್ತಿದ ಆ ಮುದಿ ಎದೆ ನೆನಪಾಗಿ ಗೋಡೆಗೆ ಕಿವಿ ಹಚ್ಚಿದೆ. ಆಗ ಬಂತು ಆ ಕೆಮ್ಮು! ಅಷ್ಟು ಹಿತವಾದ ಸದ್ದನ್ನು ನಾನು ಕೇಳಿದ್ದೇ ಇಲ್ಲ.

"ಯಾರದು?"

"ನಾನು, ಪಕ್ಕದ ಮನೆಯವನು!"

"ಯಾರು?"

"ಆರು ವರ್ಷದಿಂದ ಇಲ್ಲೇ ಇದ್ದೀನಿ, ಯಜಮಾನ್ರೇ!"

ಗೋಡೆ ಇನ್ನೊಮ್ಮೆ ಕೆಮ್ಮಿತು.

"ಓ, ಟವೆಲ್‌ನವರಾ? ಅಮ್ಮಾವ್ರನ್ನ ಕರೀರಿ. ಅವರೇ ತಟ್ಲಿ."