ಕಬ್ಬು ಹಿಡಿದು ಓಡಿದವನ ಮನಶ್ಶಾಸ್ತ್ರ

ಭಯವಾದಾಗ ಮನುಷ್ಯ ಎದುರಿಸುತ್ತಾನೆ, ಓಡುತ್ತಾನೆ ಇಲ್ಲವೇ ಕಲ್ಲಾಗುತ್ತಾನೆ ಎಂದು ಪಾಂಡವಪುರದ ಕಾಲೇಜೊಂದರಲ್ಲಿ ಹನ್ನೆರಡು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಬೋರ್ಡಿನ ಮೇಲೆ ಮೂರು ಬಾಣ ಎಳೆದರೆ ಮನುಷ್ಯಕುಲದ ಭಯವೆಲ್ಲ ಮುಗಿಯಿತು. ನಾಲ್ಕನೆಯದೊಂದು ಬಾಣ ಬೇಕೆಂದು ನನಗೆ ಹೊಳೆದದ್ದು ಹೋದ ತಿಂಗಳು: ಹೆಂಡತಿಯನ್ನು ಬಿಟ್ಟು, ಕಬ್ಬು ಹಿಡಿದುಕೊಂಡು ಓಡುವುದು.

ಮಾಕವಳ್ಳಿಯಲ್ಲಿ ನಾಮಕರಣದ ಊಟ ಮುಗಿಸಿ ಬರುವಾಗ ಸ್ಕೂಟರ್ ಪಂಚರಾಯಿತು. ನಾನೂ ನನ್ನ ಹೆಂಡತಿ ಸವಿತಾಳೂ ರಫೀಕ್ ಎಂಬಾತನ ಪಂಚರ್ ಅಂಗಡಿ ಮುಂದೆ ನಿಂತಿದ್ದೆವು. ಕಬ್ಬು ತುಂಬಿದ ಟ್ರಾಕ್ಟರೊಂದು ಏರು ಹತ್ತಲಾರದೆ ನಿಧಾನವಾಯಿತು. ನಮ್ಮ ಕಡೆ ನಿಧಾನವಾದ ಕಬ್ಬಿನ ಗಾಡಿಯೆಂದರೆ ಸಾರ್ವಜನಿಕ ಆಸ್ತಿ, ಎಂ.ಎ. ಓದಿದವನೂ ಹಿಂದಿನಿಂದ ಒಂದು ಜಲ್ಲೆ ಎಳೆಯದೆ ಇರಲಾರ. ಎಳೆದೆ. ಜೊತೆಗೇ ರಸ್ತೆಗಿಳಿದಿದ್ದ ಸವಿತಾ ಅರ್ಧ ಜಲ್ಲೆಗೆ ಕೈ ಚಾಚಿದಳು. ಅದೇ ಗಳಿಗೆಗೆ ಕೊಂಡಿ ಕಳಚಿ ಟ್ರೈಲರು ಹಿಂದಕ್ಕೆ ಉರುಳತೊಡಗಿತು. ನನ್ನ ಜಲ್ಲೆಗೂ ಆ ಕೊಂಡಿಗೂ ಸಂಬಂಧವಿಲ್ಲ. ಇದನ್ನು ಇನ್ನೂ ಯಾರೂ ನಂಬಿಲ್ಲ.

ಆಮೇಲೆ ನೋಡಿಕೊಂಡರೆ ನಾನು ಅಂಗಡಿಯ ಹಿಂದಿದ್ದೆ, ಜಲ್ಲೆಯ ಸಮೇತ. ಸವಿತಾ ರಸ್ತೆಯಲ್ಲೇ ಇದ್ದಳು. ರಫೀಕ್ ನುಗ್ಗಿ ಚಕ್ರದಡಿಗೆ ದಪ್ಪ ಕಲ್ಲೊಂದನ್ನು ತಳ್ಳಿದ. ಟ್ರೈಲರು ಅವಳಿಂದ ಒಂದು ಮೊಳ ದೂರದಲ್ಲಿ ನಿಂತಿತು. ಆ ಮೊಳ ಈಗಲೂ ಹಲ್ಲುಜ್ಜುವಾಗ, ಹಾಜರಿ ಕರೆಯುವಾಗ ಕಣ್ಣ ಮುಂದೆ ಬರುತ್ತದೆ. ಕೆಲವು ದಿನ ಅರ್ಧ ಮೊಳವಾಗಿ.

"ಯಾ ಅಲ್ಲಾ, ಏನ್ ಸಾ ನೀವು, ಅಮ್ಮೋರ್ನ ಬುಟ್ಬುಟ್ಟು ಕಬ್ಬು ಇಡ್ಕೊಂಡ್ ಬಂದ್ರಲ್ಲ" ಎಂದ ರಫೀಕ್.

"ಅದು ಅಮಿಗ್ಡಲದ ಕೆಲಸ" ಎಂದೆ. ಮೆದುಳಿನಲ್ಲಿ ಭಯವನ್ನು ಎಬ್ಬಿಸುವ ಭಾಗಕ್ಕೆ ನಮ್ಮ ಪಠ್ಯದಲ್ಲಿರುವ ಹೆಸರದು.

"ಅವ್ರ್ ಯಾರೂ ಕಾಣಿಸ್ನಿಲ್ವಲ್ಲ ಸಾ. ನೀವೊಬ್ರೇ ಓಡಿದ್ದು."

ಗಾಬರಿ ಇಳಿದ ಮೇಲೆ ಸಿಟ್ಟು ಬರಬೇಕೆಂದು ನಮ್ಮ ಪಠ್ಯ ಹೇಳುತ್ತದೆ. ನಾಲ್ಕು ದಿನ ಕಾದೆ. ಸವಿತಾ ಉಪ್ಸಾರು ಮಾಡಿದಳು, ಮುದ್ದೆ ಕಟ್ಟಿದಳು, ನಾಗಮಂಗಲದ ತಂಗಿಗೆ ಫೋನಿನಲ್ಲಿ ನನ್ನ ಓಟವನ್ನು ಬಣ್ಣಿಸಿ ನಕ್ಕಳು. ತಡೆಯಲಾರದೆ ನಾನೇ ಕೇಳಿದೆ, "ನಿಂಗೆ ಸಿಟ್ಟಿಲ್ವಾ?"

"ಸಿಟ್ಟ್ಯಾಕೆ? ಇಷ್ಟ್ ವರ್ಸ ಏನೋ ಅಂದ್ಕೊಂಡಿದ್ದೆ. ಈಗ ಗೊತ್ತಾಯ್ತು, ಅಷ್ಟೆಯ. ಮುದ್ದೆ ಆರೋಯ್ತದೆ, ಉಣ್ಣಿ."

ಇದು ಯಾವ ಭಾವನೆ? ಭಾವನೆಗಳನ್ನು ಬಣ್ಣಬಣ್ಣದ ಹೋಳು ಮಾಡಿ ತೋರಿಸುವ ಚಕ್ರದ ಚಿತ್ರವೊಂದು ನನ್ನ ಬಳಿ ಇದೆ. ಅದನ್ನು ಎರಡು ಸುತ್ತು ತಿರುಗಿಸಿ ನೋಡಿದೆ. ಸಿಗಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮೊನ್ನೆ ಶ್ರೀರಂಗಪಟ್ಟಣದಲ್ಲಿ ರಸ್ತೆ ದಾಟುವಾಗ ಸವಿತಾ ನನ್ನ ರಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡಳು. "ಭಯ ಆಯ್ತಾ?" ಎಂದೆ, ಒಳಗೊಳಗೇ ಉಬ್ಬಿ.

"ಇಲ್ಲ ಕಣ್ರಿ. ನೀವ್ ಓಡಿದ್ರೆ ನಾನೂ ಜೊತೇಲೇ ಬತ್ತೀನಲ್ಲ, ಅದ್ಕೆ."

ಅಷ್ಟರಲ್ಲಿ ಲಾರಿಯೊಂದು ಹಾರನ್ ಹೊಡೆಯಿತು. ಅವಳ ಅಂದಾಜು ಸರಿಯಾಗಿತ್ತು. ಇಬ್ಬರೂ ಒಟ್ಟಿಗೇ ಆಚೆ ಬದಿ ತಲುಪಿದೆವು.