ಗೃಹಪ್ರವೇಶದ ಫೋಟೊದಲ್ಲಿ ಒಂದು ಬಾಳೆಕಂದು

ನನ್ನ ಕೆಲಸ ಕಣ್ಣಿಗೆ ಬಿತ್ತು ಎಂದು ಯಾರಾದರೂ ಹೇಳಿದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಸಿನಿಮಾಗಳಿಗೆ ಮ್ಯಾಟ್ ಪೇಂಟಿಂಗ್ ಮಾಡುವವನು ನಾನು. ಎಂದರೆ, ನಾಯಕ ಜೆ.ಪಿ. ನಗರದ ಷೆಡ್ಡಿನಲ್ಲಿ ಹಸಿರು ಬಟ್ಟೆಯ ಮುಂದೆ ನಿಂತು ಅಬ್ಬರಿಸಿದರೆ, ಅವನ ಹಿಂದೆ ಕೋಟೆ, ಕಣಿವೆಗಳನ್ನು ಕಂಪ್ಯೂಟರಿನಲ್ಲಿ ಬರೆದು ಕೂರಿಸುವುದು. ನಡುವೆ ಕರೆಂಟ್ ಕಂಬ ಬಂದಿದ್ದರೆ ಅಳಿಸುವುದು. ಇಟ್ಟಮಡುವಿನ ನಮ್ಮತ್ತೆಯನ್ನು ಒಮ್ಮೆ ಥಿಯೇಟರಿಗೆ ಕರೆದುಕೊಂಡು ಹೋಗಿ, ಆ ಬೆಟ್ಟ ನನ್ನದು ಎಂದು ಪಿಸುಗುಟ್ಟಿದೆ. ಅವರು ಮರುಕದಿಂದ ನೋಡಿ, ಬೆಟ್ಟ ಮೊದಲಿಂದಲೂ ಅಲ್ಲೇ ಇದ್ದಿರುತ್ತದೆ ಎಂದರು. ಅದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಈವರೆಗೆ ಬಂದಿಲ್ಲ.

ಆದರೆ ಕಂಬ ಅಳಿಸುವ ವಿಷಯ ಅವರ ತಲೆಯಲ್ಲಿ ಉಳಿಯಿತು. ಅವರ ಮಗ, ನನ್ನ ಭಾವಮೈದ ಗಿರೀಶ, ಅತ್ತೆಯ ಹೊಸ ಮನೆಯ ಗೃಹಪ್ರವೇಶದ ದಿನವೇ, ಪೂಜೆಗೆ ಬಂದ ಅಯ್ಯನವರ ಎದುರಿಗೇ, ಅಡುಗೆಮನೆ ವಾಸ್ತು ಕೆಟ್ಟಿದೆ ಎಂದುಬಿಟ್ಟಿದ್ದ. ಅಂದಿನಿಂದ ತಾಯಿ ಮಗನಿಗೆ ಮಾತಿಲ್ಲ. ಆ ದಿನ ಪಕ್ಕದ ಮನೆಯ ಅಂಕಲ್ ನನ್ನ ಫೋನಿನಲ್ಲಿ ತೆಗೆದ ಫೋಟೊವನ್ನು ಹಾಲ್‌ನ ಗೋಡೆಗೆ ಹಾಕುವ ಹೊತ್ತಿಗೆ ಅತ್ತೆ ಗಿರೀಶನ ಮೇಲೆ ಬೆರಳಿಟ್ಟು, "ಅಳಿಯಂದ್ರೇ, ಈ ಕಂಬಾನೂ ತೆಗೆದುಬಿಡಿ" ಎಂದರು. ಹತ್ತು ನಿಮಿಷದ ಕೆಲಸ. ಬಾಗಿಲಿಗೆ ಕಟ್ಟಿದ್ದ ಬಾಳೆಕಂದಿನಂಥದ್ದೇ ಇನ್ನೊಂದನ್ನು ಅವನ ಜಾಗದಲ್ಲಿ ನಿಲ್ಲಿಸಿದೆ. ಅವನಿಗಿಂತ ಇದೇ ಲಕ್ಷಣವಾಗಿದೆ ಎಂದು ಅತ್ತೆ ಒಪ್ಪಿಕೊಂಡರು.

ಎರಡು ವರ್ಷ ಆ ಬಾಳೆಕಂದು ಬಾಡದೆ ಗೋಡೆಯ ಮೇಲಿತ್ತು. ಈಚೆಗೆ ಅತ್ತೆ ಅದೇ ಅಡುಗೆಮನೆಯಲ್ಲಿ ಜಾರಿ ಬಿದ್ದರು. ಹುಳಿಮಾವಿನ ತನ್ನ ಮನೆಯಿಂದ ಗಿರೀಶ ಫೋನ್ ಮಾಡಿ, ವಾಸ್ತುವಿನ ಸುದ್ದಿಯೆತ್ತದೆ, ಕಾಲು ಹೇಗಿದೆ ಎಂದಷ್ಟೇ ಕೇಳಿದನಂತೆ. ಭಾನುವಾರ ಊಟಕ್ಕೆ ಬರುತ್ತೇನೆ, ಗೃಹಪ್ರವೇಶದ ಫೋಟೊ ಹಾಕಿದ್ದೀಯಂತೆ, ಅದನ್ನೂ ನೋಡಬೇಕು ಎಂದನಂತೆ. ಮರುಕ್ಷಣವೇ ಅತ್ತೆಯ ಫೋನು ನನಗೆ ಬಂತು. "ಗೋಡೆ ನೋಡಿದ್ರೆ ಅವನು ಇನ್ನು ಈ ಮೆಟ್ಟಿಲು ಹತ್ತಲ್ಲ. ಹೇಗಾದ್ರೂ ವಾಪಸ್ ನಿಲ್ಲಿಸಿ."

ಮೂಲ ಫೋಟೊ ಇದ್ದ ಫೋನನ್ನು ನಾನು ಅಷ್ಟರಲ್ಲಿ ನೀರಿನ ಸಂಪಿನೊಳಗೆ ಬೀಳಿಸಿಯಾಗಿತ್ತು. ಗಿರೀಶನ ತಲೆ ವಾಟ್ಸಾಪಿನಲ್ಲಿ ಸಿಕ್ಕಿತು, ಮೈ ಸಿಗಲಿಲ್ಲ. ಅವನ ತಲೆಗೆ ಹೊಂದುವ ಹೊಟ್ಟೆ ಇಡೀ ಫೋಟೊದಲ್ಲಿ ಒಂದೇ ಇತ್ತು, ನನ್ನದು. ಅದನ್ನೇ ಎರಡು ಮಾಡಿ ನೋಡಿದರೆ, ಒಂದೇ ಪಂಚೆ, ಒಂದೇ ಶಲ್ಯದ ಅವಳಿಗಳು ಹಲ್ಲು ಕಿರಿದರು. ಕೊನೆಗೆ ನನ್ನ ತಲೆ ಅಳಿಸಿ ಅವನದನ್ನು ಕೂರಿಸಿದೆ.

ಭಾನುವಾರ ಗಿರೀಶ ಫೋಟೊದ ಮುಂದೆ ಬಹಳ ಹೊತ್ತು ನಿಂತ. ಅತ್ತೆ ಪಾಯಸದ ಲೋಟ ಹಿಡಿದು ಅವನ ಪಕ್ಕಕ್ಕೆ ಬಂದರು.

"ಅಮ್ಮ, ಅವತ್ತು ನಾನು ಪ್ಯಾಂಟ್ ಹಾಕಿರ್ಲಿಲ್ವಾ?"

"ಪಂಚೆ ಕಣೋ. ಜಾರುತ್ತೆ ಅಂತ ಬೆಲ್ಟ್ ಬೇರೆ ಕಟ್ಕೊಂಡಿದ್ದೆ."

ಅವನು ಯೋಚಿಸಿ, ಹೌದು, ಅಪ್ಪನ ಕಂದು ಬೆಲ್ಟು ಎಂದ. ನಾನು ಕೆಮ್ಮಿದೆ. ಅವನು ತಿರುಗಿದ. "ಭಾವ, ನೀವೇ ಕಾಣ್ತಿಲ್ವಲ್ಲ?"

"ಅವರೇ ಅಲ್ವೇನೋ ತೆಗೆದಿದ್ದು," ಎಂದಳು ನನ್ನ ಹೆಂಡತಿ, ಹಪ್ಪಳ ಬಡಿಸುತ್ತಾ. ಎಲ್ಲರೂ ತಲೆಯಾಡಿಸಿದರು. ಗಿರೀಶ ಎಲೆಯ ಮುಂದೆ ಕೂತ.

ಪುಟ್ಟೇನಹಳ್ಳಿಯ ನಮ್ಮ ಮನೆಗೆ ಬಂದ ಮೇಲೆ, ಫೋಟೊ ತೆಗೆದದ್ದು ಪಕ್ಕದ ಮನೆಯ ಅಂಕಲ್ ಎಂದು ಹೆಂಡತಿಗೆ ನೆನಪಿಸಿದೆ. ಅವಳು ನಂಬಲಿಲ್ಲ. ಈಗ ಕೂತು ಯೋಚಿಸಿದರೆ ಅವಳದೇ ಸರಿ ಅನ್ನಿಸುತ್ತದೆ. ಫೋನಿನ ಮೇಲೆ ಬಿಸಿಲು ಬೀಳುತ್ತಿತ್ತು. ಎಲ್ಲರೂ ಸ್ವಲ್ಪ ಎಡಕ್ಕೆ ಬನ್ನಿ ಎಂದು ನಾನೇ ಕೂಗಿದ್ದೆ. ನಾನು ತೆಗೆದ ಫೋಟೊಗಳಲ್ಲಿ ಇಷ್ಟು ಚೆನ್ನಾಗಿ ಬಂದದ್ದು ಇನ್ನೊಂದಿಲ್ಲ.