ಮೀಸೆ ಗುಮಾಸ್ತನೂ ಪದ್ಮಮ್ಮನವರ ತೀರ್ಪೂ

ರಂಗಭೂಮಿಯಲ್ಲಿ ಕ್ರಾಂತಿ ಮಾಡುವುದು ಕಷ್ಟವೇನಲ್ಲ ಎಂದು ನಾನು ನಂಬಿದ್ದೆ. ಕೃಷ್ಣಮೂರ್ತಿಪುರಂನ ನಮ್ಮ ಬಡಾವಣೆ ಸಂಘದ ವಾರ್ಷಿಕೋತ್ಸವಕ್ಕೆ ಪ್ರತಿವರ್ಷ ನಾಟಕ ಆಡಿಸುತ್ತಿದ್ದವನು ನಾನೇ. ಈ ಸಲ ಅಧ್ಯಕ್ಷ ರಂಗಪ್ಪನವರು, "ನಾಟಕ ಯಾರ್ ನೋಡ್ತಾರ್ರೀ? ಕರೋಕೆ ಹಾಡು ಇಟ್ಬುಡಣ" ಎಂದರು. ನಾನು ಬಿಡಲಿಲ್ಲ. ಗೋಗರೆದ ಮೇಲೆ ಒಂದೇ ಒಂದು ಕೊನೆಯ ಅವಕಾಶ ಕೊಟ್ಟರು. ಇದು ಬಿದ್ದರೆ ನಾಟಕಕ್ಕೆ ಎಳ್ಳುನೀರು ಬಿಟ್ಟ ಹಾಗೆಯೇ.

ನಾನೇನು ಸಾಮಾನ್ಯನೇ? ಸೀದಾ ಷೇಕ್ಸ್‌ಪಿಯರ್‌ಗೇ ಕೈಹಾಕಿದೆ! ಪ್ರೇಮದಲ್ಲಿ ಬಿದ್ದ ಒಬ್ಬ ದೊರೆ. ಗಂಡುವೇಷ ಹಾಕಿ ಅವನ ಸೇವೆಗೆ ಸೇರಿ, ಅವನನ್ನೇ ಪ್ರೀತಿಸುವ ಹೆಣ್ಣು. ದೊರೆಯೋ, ಅವಳ ಕೈಯಲ್ಲೇ ಇನ್ನೊಬ್ಬಳಿಗೆ ಪ್ರೇಮಪತ್ರ ಕಳಿಸುತ್ತಾನೆ. ಈ ಹಾಸ್ಯ ನಾಟಕದ ದೊರೆಯನ್ನು ನಾನು ಅಗ್ರಹಾರದ ಊದುಬತ್ತಿ ಅಂಗಡಿಯ ಯಜಮಾನನನ್ನಾಗಿ ಮಾಡಿದೆ. ಆ ಪಾತ್ರ ನನ್ನದು. ಗುಮಾಸ್ತನ ವೇಷದ ಹೆಣ್ಣು ನನ್ನ ಹೆಂಡತಿ ಸುಮಿತ್ರ. ಪತ್ರ ತಲುಪಬೇಕಾದ ಹೆಣ್ಣಿನ ಪಾತ್ರ ಹಿಂದಿನ ಬೀದಿಯ ಗಾಯತ್ರಿ ಮೇಡಂ ಅವರದು.

"ರೀ, ಇಷ್ಟು ವರ್ಷ ಸಂಸಾರ ಮಾಡಿ, ಒಂದು ಮೀಸೆ ಅಂಟಿಸ್ಕೊಂಡ ತಕ್ಷಣ ನನ್ನ ಗುರುತು ಸಿಗಲ್ವಾ?" ಎಂದು ಸುಮಿತ್ರ ರಿಹರ್ಸಲ್‌ನಲ್ಲೇ ಕೇಳಿದಳು.

"ಅದು ರಂಗಸತ್ಯ ಕಣೇ" ಎಂದೆ.

ಹಾಗೆಂದರೇನು ಎಂದು ಅವಳು ಕೇಳಲಿಲ್ಲ. ಸದ್ಯ, ನನಗೂ ಗೊತ್ತಿರಲಿಲ್ಲ.

ನನ್ನ ಇನ್ನೊಂದು ಹೊಸ ಪ್ರಯೋಗವೆಂದರೆ ವೇದಿಕೆಯೇ ಇಲ್ಲ. ಕುರ್ಚಿಗಳ ನಡುವೆಯೇ ಆಟ! ಶುರುವಿಗೆ ಮುಂಚೆ ಮೈಕ್ ಹಿಡಿದು, "ತಾವು ಮೂಕಪ್ರೇಕ್ಷಕರಾಗಿ ಕೂರಬಾರದು, ನಾಟಕದ ಅವಿಭಾಜ್ಯ ಅಂಗವಾಗಬೇಕು" ಎಂದು ಸವಿನಯವಾಗಿ ಕೋರಿದೆ. ನಮ್ಮ ಬಡಾವಣೆಯವರು ಕಸ ವಿಂಗಡಿಸಿ ಎಂದರೆ ಇವತ್ತಿಗೂ ವಿಂಗಡಿಸುವುದಿಲ್ಲ. ಈ ಕೋರಿಕೆಗೆ ಮಾತ್ರ ತಕ್ಷಣ ಓಗೊಟ್ಟರು.

ಸುಮಿತ್ರ ಪ್ಯಾಂಟು, ಮೀಸೆಯಲ್ಲಿ ಪ್ರವೇಶಿಸಿದಳು.

"ಸುಮಿತ್ರಕ್ಕಾ, ಮೀಸೆ ಸೂಪರ್ ಕಣಕ್ಕಾ!" ಎಂದು ಯಾರೋ ಕೂಗಿದರು.

ನಾನು ಧೃತಿಗೆಡದೆ, "ಎಲೈ ಯುವಕ, ನಿನ್ನದು ಯಾವ ಊರು?" ಎಂದೆ.

"ನಂಜನಗೂಡು!" ಎಂದು ಮೂರನೇ ಸಾಲಿನಿಂದ ಉತ್ತರ ಬಂತು. ಅದು ನನ್ನ ಮಾವನ ಊರು.

ಪ್ರೇಮಪತ್ರ ಕೊಟ್ಟೆ ನೋಡಿ, ನಮ್ಮ ಎದುರುಮನೆಯ ಪದ್ಮಮ್ಮನವರು ಮುಂದಿನ ಸಾಲಿನಿಂದ ಎದ್ದು ಬಂದೇ ಬಿಟ್ಟರು.

"ಏನ್ರೀ ಇದು? ಕಟ್ಕೊಂಡ ಹೆಂಡ್ತಿ ಕೈಲೇ ಬೇರೆಯವಳಿಗೆ ಕಾಗ್ದ ಕಳಿಸ್ತೀರಲ್ಲ, ನಾಚ್ಕೆ ಆಗಲ್ವಾ?"

"ಪದ್ಮಮ್ಮನವರೇ, ಈತ ನನ್ನ ಗುಮಾಸ್ತ..."

"ಬುಡ್ರೀ ಸಾಕು! ನಿಮ್ಮ ಮದ್ವೆ ಊಟ ಉಂಡೋಳು ನಾನು!"

ಅವರ ಕೈಯಲ್ಲಿ ಪತ್ರ ಚೂರುಚೂರಾಯಿತು. ಭಾರಿ ಚಪ್ಪಾಳೆ! ಅತ್ತ ಗಾಯತ್ರಿ ಮೇಡಂ ಗಾಬರಿಯಾಗಿ, "ನಂಗೇನೂ ಗೊತ್ತಿಲ್ಲ ಕಣಮ್ಮ, ಇವರೇ ಮನೆಗೆ ಬಂದು ಕರೆದಿದ್ದು" ಎಂದುಬಿಟ್ಟರು. ಅವರ ಯಜಮಾನರು ಎದ್ದು ನಿಂತರು. ಅವರು ಪಾತ್ರಧಾರಿಯಲ್ಲ.

ಕಾಪಾಡು ಎಂಬಂತೆ ಸುಮಿತ್ರಳ ಕಡೆ ನೋಡಿದೆ. ಅವಳು ಸಾವಕಾಶವಾಗಿ ಮೀಸೆ ಕಿತ್ತು, ಪದ್ಮಮ್ಮನವರ ಪಕ್ಕದ ಕುರ್ಚಿಯಲ್ಲಿ ಹೋಗಿ ಕೂತಳು.

"ಈಗ ಗುರುತು ಸಿಕ್ತಾ?" ಪದ್ಮಮ್ಮನವರು ವಿಚಾರಣೆ ಮುಂದುವರಿಸಿದರು.

"ಸಿಕ್ಕಿತು."

"ಇನ್ಮೇಲೆ ಯಾರಿಗೂ ಕಾಗ್ದ ಬರಿಯಲ್ಲ ಅಂತ ಎಲ್ರೆದುರ್ಗೆ ಹೇಳಿ."

ಹೇಳಿದೆ. ಎರಡು ಗಂಟೆಯ ನಾಟಕ ಹತ್ತೇ ನಿಮಿಷಕ್ಕೆ ಮುಗಿಯಿತು. ಹಿಂದುಗಡೆ ಉಪ್ಪಿಟ್ಟಿಗೆ ಇನ್ನೂ ರವೆ ಹುರಿಯುತ್ತಿದ್ದರು.

ನನಗೆ ನಿಜವಾಗಿಯೂ ಅಳು ಬಂತು. ಇಷ್ಟು ವರ್ಷ ಉಳಿಸಿಕೊಂಡು ಬಂದ ನಾಟಕವನ್ನು ಕೈಯಾರೆ ಮುಗಿಸಿದ್ದೆ. ಅಷ್ಟರಲ್ಲಿ ರಂಗಪ್ಪನವರು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಾ ಮೈಕ್ ಹಿಡಿದರು. "ಕರೋಕೆ ಬ್ಯಾಡ ಕಣ್ರೀ! ಮುಂದಿನ ವರ್ಷಾನೂ ನಾಟಕಾನೇ!"

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಕೈಮುಗಿಯುತ್ತಾ ಮುಂದೆ ಬಂದೆ.

"ಆದ್ರೆ ನಿರ್ದೇಶನ ಪದ್ಮಮ್ಮನೋರ್ದು!" ಎಂದರು ರಂಗಪ್ಪನವರು.

ಪದ್ಮಮ್ಮನವರು ದೊಡ್ಡ ಮನಸ್ಸಿನವರು, ನನ್ನನ್ನು ಕೈಬಿಡಲಿಲ್ಲ. "ಪೆದ್ದನ ಪಾರ್ಟು ಇವರಿಗೇ ಇರ್ಲಿ ಬುಡಿ. ಎಷ್ಟು ಸಹಜವಾಗಿ ಮಾಡ್ತಾರೆ!"

"ಅದಕ್ಕೆ ರಿಹರ್ಸಲ್ಲೂ ಬೇಕಾಗಲ್ಲ" ಎಂದು ಸುಮಿತ್ರ ಅನುಮೋದಿಸಿದಳು. ಸಭೆ ಸರ್ವಾನುಮತದಿಂದ ಅಂಗೀಕರಿಸಿತು.